ಇಲ್ಲದ ಪುಟಕ್ಕೆ ಬಂದವರು

ಗಿಲಕಿಯ ಸದ್ದು ನಿಂತದ್ದನ್ನು ಮೊದಲು ಗಮನಿಸಿದ್ದು ನನ್ನ ಸೋದರಮಾವ. ಸೋಮವಾರ, ಬೆಳಗಿನ ತಿಂಡಿಯ ಹೊತ್ತು. ಅಕ್ಕನ ಎಂಟು ತಿಂಗಳ ಮಗಳು ಚಾಪೆಯ ಮೇಲೆ ಕೂತು ನಮ್ಮದೇ ಕಾರ್ಖಾನೆಯ ಹೊಸ ಗಿಲಕಿಯನ್ನು ಕಚ್ಚುತ್ತಿದ್ದಳು. ಮಾವ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದ. ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಟ್ಟಿದ. ಕೆನ್ನೆಯ ಒಳಮಗ್ಗುಲಿಗೆ ಜಾರಿ ಬಂದ ಮಣಿ ಕಣ್ಣಿಗೆ ಬಿದ್ದಾಗ ಕಿರುಬೆರಳಿನಿಂದ ಅದನ್ನು ಹೊರಗೆ ತಂದ. ಮಗು ಕಿರುಚಿ ಅತ್ತಿತು. ಆ ಅಳು ಕೇಳಿದ ಮೇಲೆ ನಾವೆಲ್ಲ ಉಸಿರು ಬಿಟ್ಟೆವು.

ಒಂದು ಗಿಲಕಿಯೊಳಗೆ ನಾಲ್ಕು ಮಣಿ ಹಾಕುತ್ತೇವೆ. ಮೂರು ಚಾಪೆಯ ಮೇಲೆ ಬಿದ್ದಿದ್ದವು. ನಾಲ್ಕನೆಯದು ಮಾವನ ಅಂಗೈಯಲ್ಲಿತ್ತು. ಮುಚ್ಚಳ ಮಗುವಿನ ತೊಡೆಯ ಕೆಳಗೆ ಸಿಕ್ಕಿತು. ಅದರ ಅಂಚಿನ ಅರಗು ಕೂದಲಿನಷ್ಟು ಸಣ್ಣಗೆ ಸುತ್ತಲೂ ಬಿರುಕು ಬಿಟ್ಟಿತ್ತು.

ಮಾವನ ಕಾರ್ಖಾನೆ ಇರುವುದು ಚನ್ನಪಟ್ಟಣದಲ್ಲಿ, ಮನೆಗೆ ಹೊಂದಿಕೊಂಡೇ. ನಾಲ್ಕು ಲೇತ್ ಇವೆ, ಓಡುತ್ತಿರುವುದು ಎರಡು. ಮರ ಕಡೆದು ಅರಗಿನ ಬಣ್ಣ ಹಾಕುವುದು ಮಾವ ಮತ್ತು ಇನ್ನೊಬ್ಬ ಹಿರಿಯರು. ಅವರನ್ನು ಬೀದಿಯಲ್ಲಿ ಎಲ್ಲರೂ ಚಾಚಾ ಎಂದೇ ಕರೆಯುತ್ತಾರೆ. ಮಾವನ ತಂದೆಯ ಕಾಲದಿಂದಲೂ ಇಲ್ಲಿ ಒಂದು ಪದ್ಧತಿಯಿದೆ. ಮಕ್ಕಳ ಬಾಯಿಗೆ ಹೋಗುವ ಆಟಿಕೆ ಯಾವುದೇ ಆಗಲಿ, ಆ ಲಾಟಿನ ಮೊದಲನೆಯದನ್ನು ಹಲ್ಲು ಬರುತ್ತಿರುವ ಒಂದು ಮಗುವಿಗೆ ಕೊಡಬೇಕು, ದೊಡ್ಡವರೊಬ್ಬರು ಕಣ್ಣಿಟ್ಟಿರಬೇಕು. ಎಂಟು ದಿನ ಅದು ಕಚ್ಚಲಿ, ಎಸೆಯಲಿ, ನೆಲಕ್ಕೆ ಕುಟ್ಟಲಿ. ಆಮೇಲೆ ಉಳಿದವು ಅಂಗಡಿಗೆ ಹೋಗುತ್ತವೆ.

ಈ ಸಲ ಬೀದಿಯಲ್ಲಿ ಆ ವಯಸ್ಸಿನ ಮಗು ಇರಲಿಲ್ಲ. ಅಕ್ಕ ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಲ್ಲಿ, ಅತ್ತೆಮನೆಯಲ್ಲಿದ್ದಳು. ಹೆದ್ದಾರಿ ಅಂಗಡಿಯವರು ದಿನಾ ಫೋನ್ ಮಾಡಿ ಸರಕು ಕೇಳುತ್ತಿದ್ದರು. ‘ಪಾಪು ಬಂದ್ಮೇಲೆ ಕೊಟ್ರಾಯ್ತು, ಇದೇನು ಹೊಸ ಮಾಲೇ?’ ಎಂದು ಮಾವ ಮೊದಲ ಗಿಲಕಿಯನ್ನು ಡಬ್ಬಿಯಲ್ಲಿ ಎತ್ತಿಟ್ಟು, ಉಳಿದ ಎಪ್ಪತ್ತೊಂಬತ್ತನ್ನು ಕಳಿಸಿಬಿಟ್ಟಿದ್ದ. ಅಕ್ಕ ಇಲ್ಲಿಗೆ ಬಂದ ಮೇಲೆ ಆ ಮೊದಲ ಗಿಲಕಿ ಮಗುವಿನ ಕೈ ಸೇರಿತ್ತು. ಮಾಲು ಹೊಸದಲ್ಲ, ನಿಜ. ಆದರೆ ಆ ಸಲ ಆಟಿಕೆಗೆಂದು ತಂದ ಆಲೆ ಮರ ಮಳೆಯಲ್ಲಿ ಬಂದದ್ದು, ಸರಿಯಾಗಿ ಒಣಗಿರಲಿಲ್ಲ. ಕಡೆದ ಮೇಲೆ ಒಳಗೊಳಗೇ ಒಣಗಿ ಕುಗ್ಗಿ, ಮುಚ್ಚಳ ಸಡಿಲವಾಗಿತ್ತು.

ಅದೇ ಬೆಳಿಗ್ಗೆ ಮಾವ ಅಂಗಡಿಗೆ ಹೋಗಿ ಉಳಿದಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದ. ಮೂವತ್ತೆಂಟು. ನಾನು ಡೈರಿಯಲ್ಲಿ ಕಳೆದು ಬರೆದೆ: ಹೊರಗೆ ಇರುವುದು ನಲವತ್ತೊಂದು. ಯಾರ ಹತ್ತಿರ ಎಂದು ಕೇಳಿದರೆ ಅಂಗಡಿಯವರು ಕೈ ಆಡಿಸಿದರಂತೆ. ‘ಕಾರಲ್ಲಿ ಬತ್ತಾರೆ, ಮಕ್ಳು ಅತ್ರೆ ಒಂದ್ ತಗೋತಾರೆ, ಹೋಯ್ತಾರೆ. ಯಾರೂರೋ ಏನೋ, ನಾನೇನ್ ಅವ್ರ ಜಾತಕ ಕೇಳ್ಲಾ?’

ನಲವತ್ತೊಂದು ಮನೆಗಳಲ್ಲಿ ನಲವತ್ತೊಂದು ಮಕ್ಕಳು ಅದನ್ನು ಕಚ್ಚುತ್ತಿದ್ದಾರೆ. ಆ ದಿನ ನನ್ನ ತಲೆಯಲ್ಲಿ ಬೇರೆ ಯಾವ ಯೋಚನೆಯೂ ನಿಲ್ಲಲಿಲ್ಲ. ಅವರಿಗೆ ಹೇಳುವುದು ಹೇಗೆ? ನಮ್ಮ ಕೈಯಲ್ಲಿ ಇದ್ದದ್ದು ಒಂದೇ ದಾರಿ. ಗಿಲಕಿಗೆ ಕಟ್ಟಿದ್ದ ಚೀಟಿಯಲ್ಲಿ ನಮ್ಮ ವೆಬ್‌ಸೈಟಿನ ವಿಳಾಸವಿತ್ತು.

ಆ ವೆಬ್‌ಸೈಟನ್ನು ಮಾಡಿದ್ದು ನಾನು. ಪದವಿ ಮುಗಿಸಿ ರಾಮನಗರದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ, ಭಾನುವಾರಗಳಲ್ಲಿ ಮಾವನ ಕಾರ್ಖಾನೆಯ ಕೆಲಸ. ಹೊಸ ರಸ್ತೆ ಊರ ಹೊರಗೆ ಹಾದುಹೋದ ಮೇಲೆ ಅಂಗಡಿ ಮುಂದೆ ನಿಲ್ಲುವ ಕಾರುಗಳು ಕಡಿಮೆಯಾಗಿದ್ದವು, ಅದಕ್ಕೇ ವೆಬ್‌ಸೈಟಿನ ಆಸೆ. ಕೋಡ್ ಬರೆಯುವ ವಿದ್ಯೆ ನನಗೆ ಬರುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ವೆಬ್‌ಸೈಟ್ ಎಡಿಟರ್‌ನಲ್ಲಿ ಪೆಟ್ಟಿಗೆಗಳನ್ನು ಎಳೆದು ಕೂರಿಸಿ, ಚಿತ್ರ ಹಾಕಿ, ಅಕ್ಷರ ಟೈಪ್ ಮಾಡುವುದು, ಅಷ್ಟೇ. ಎಡಗಡೆ ಪುಟಗಳ ಹೆಸರು ಒಂದರ ಕೆಳಗೊಂದು ಇರುತ್ತವೆ. ಪ್ರತಿ ಹೆಸರಿನ ಪಕ್ಕ ಮೂರು ಚುಕ್ಕೆ. ಅದನ್ನು ಒತ್ತಿದರೆ ಆ ಪುಟವನ್ನು ಹೋಂ ಪೇಜ್ ಮಾಡಬಹುದು, ಅಂದರೆ ವಿಳಾಸ ಹೊಡೆದವರಿಗೆ ಮೊದಲು ಕಾಣುವ ಪುಟ. ಅದರ ಕೆಳಗೇ ಇನ್ನೊಂದು ಸಾಲು, ಎರರ್ ಪೇಜ್ ಮಾಡುವುದಕ್ಕೆ. ನಮ್ಮಲ್ಲಿ ಇಲ್ಲದ ಪುಟವನ್ನು ಯಾರಾದರೂ ಕೇಳಿಕೊಂಡು ಬಂದರೆ ಕಾಣುವುದು ಅದು.

ಹೋಂ ಪೇಜಿಗೆ ಮಾವ ನನ್ನ ಪಕ್ಕದಲ್ಲೇ ಕೂತಿದ್ದ. ನಾಲ್ಕು ಭಾನುವಾರ ಹಿಡಿಯಿತು. ಕೆಂಪು ಕುದುರೆ ಮುಂದೆ ಇರಲಿ, ಬೇಡ ಹಳದಿ ರೈಲು ಇರಲಿ, ಚಾಚಾನ ಕೈ ಕಾಣಲಿ, ಮುಖ ಬೇಡ, ಶೇವ್ ಮಾಡಿಲ್ಲ. ಎರರ್ ಪೇಜಿನ ಸರದಿ ಬಂದಾಗ ಮಾತ್ರ ಮಾವ ನಕ್ಕು ಎದ್ದುಬಿಟ್ಟ. ‘ಇಲ್ದೇ ಇರೋ ಪುಟಕ್ಕೆ ಯಾರಮ್ಮಿ ಬತ್ತಾರೆ? ಬುಡು ಅದನ್ನ.’ ಬಿಟ್ಟೆ. ಎಡಿಟರ್ ತಾನೇ ಕೊಟ್ಟಿದ್ದ ಬೂದು ಬಣ್ಣದ ಪುಟ ಹಾಗೇ ಉಳಿಯಿತು. ನೀವು ಹುಡುಕಿದ ಪುಟ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ಒಂದು ಗುಂಡಿ.

ಸೋಮವಾರ ಕಚೇರಿಗೆ ರಜೆ ಹೇಳಿ ಎಡಿಟರ್ ತೆರೆದು ಕೂತೆ. ಹೋಂ ಪೇಜಿನಲ್ಲಿ ಎಚ್ಚರಿಕೆ ಹಾಕಿಬಿಡುವುದು ಎಂದುಕೊಂಡೆ. ಅದಕ್ಕೆ ಮೊದಲು ಯಾವ ಪುಟಕ್ಕೆ ಎಷ್ಟು ಜನ ಬರುತ್ತಿದ್ದಾರೆ ನೋಡೋಣವೆಂದು ಎಣಿಕೆಯ ಪುಟಕ್ಕೆ ಹೋದೆ. ಹಿಂದೆ ನೋಡಿದಾಗಲೆಲ್ಲ ಒಟ್ಟು ಸಂಖ್ಯೆಯನ್ನಷ್ಟೇ ನೋಡಿ ಡೈರಿಗೆ ಇಳಿಸುತ್ತಿದ್ದೆ. ಈಗ ಬಿಡಿಸಿ ನೋಡಿದರೆ, ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೋಂ ಪೇಜನ್ನು ನೋಡಿಯೇ ಇರಲಿಲ್ಲ. ಅವರೆಲ್ಲ ಬಂದದ್ದು ಎರರ್ ಪೇಜಿಗೆ.

ಅವರು ಕೇಳಿದ ವಿಳಾಸಗಳೂ ಅಲ್ಲೇ ಇದ್ದವು. ನಮ್ಮ ವಿಳಾಸ, ಆಮೇಲೆ ಒಂದು ಓರೆ ಗೆರೆ, ಆಮೇಲೆ ಜಿ ಎಂಬ ಇಂಗ್ಲಿಷ್ ಅಕ್ಷರ, ಹತ್ತು. ಇನ್ನೊಬ್ಬರದು ಎಚ್ ನಾಲ್ಕು. ಕೆಲವರು ನಡುವೆ ಜಾಗ ಬಿಟ್ಟಿದ್ದರು, ಕೆಲವರು ಚುಕ್ಕೆ ಇಟ್ಟಿದ್ದರು.

ಚೀಲದಿಂದ ಒಂದು ಗಿಲಕಿ ತೆಗೆದು ಚೀಟಿ ನೋಡಿದೆ. ವಿಳಾಸ ರಬ್ಬರ್ ಸ್ಟಾಂಪಿನದು. ಅದರ ಮುಂದೆ ನೀಲಿ ಪೆನ್ನಿನಲ್ಲಿ ಓರೆ ಗೆರೆ ಎಳೆದು ಲಾಟಿನ ಗುರುತು. ಗಿಲಕಿಗೆ ಜಿ, ಕುದುರೆಗೆ ಎಚ್, ಎಷ್ಟನೆಯ ಲಾಟು ಎನ್ನುವ ಅಂಕಿ. ಚಾಚಾನ ಅಕ್ಷರ. ಬಿಲ್ಲಿನ ಮೇಲೆ, ಡಬ್ಬದ ಮೇಲೆ, ಬಾಗಿಲ ಹಿಂದೆ ಕೂಡ ಅವರು ಹೀಗೇ ಬರೆಯುವುದು, ಹೆಸರು, ಓರೆ ಗೆರೆ, ಗುರುತು. ಚೀಟಿಗೂ ಹಾಗೇ ಬರೆದಿದ್ದರು. ಕೊಂಡವರು ಕಂಡದ್ದನ್ನು ಕಂಡ ಹಾಗೆ ಫೋನಿಗೆ ಹೊಡೆದಿದ್ದರು. ಓರೆ ಗೆರೆಯ ಆಚೆ ಬರೆದದ್ದು ಪುಟದ ಹೆಸರಾಗುತ್ತದೆ, ಆ ಹೆಸರಿನ ಪುಟ ನಮ್ಮಲ್ಲಿ ಇರಲಿಲ್ಲ.

‘ಅದು ಗಿರಾಕಿಗಲ್ಲ ಬೇಟಿ, ನಮ್ಗೆ. ಯಾವ ಲಾಟು ಅಂತ ನಮ್ಗೆ ಗೊತ್ತಾಗ್ಬೇಕಲ್ಲ’ ಎಂದರು ಚಾಚಾ.

‘ಜಾಗ ಇರ್ಲಿಲ್ವಾ ಚೀಟಿ ಹಿಂದ್ಗಡೆ?’ ಎಂದು ಮಾವ ರೇಗಿದ.

‘ಹಿಂದ್ಗಡೆ ನೀನು ಬೆಲೆ ಬರೀತಿಯಲ್ಲಪ್ಪಾ, ಲಾರಿ ನಂಬರ್ ಬರ್ದಂಗೆ ದಪ್ಪಕ್ಕೆ! ಎಲ್ಲೈತೆ ಜಾಗ?’

ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ನಾನು ಜಿ ಹನ್ನೊಂದನ್ನು ಹುಡುಕುತ್ತಿದ್ದೆ. ಕೆಟ್ಟ ಲಾಟಿನ ಗುರುತು ಅದು. ಒಂಬತ್ತು ಸಲ ಸಿಕ್ಕಿತು. ಒಬ್ಬರು ಎರಡು ಸಲ, ಹತ್ತು ನಿಮಿಷದ ಅಂತರದಲ್ಲಿ ಬಂದಿದ್ದರು. ಆಟಿಕೆ ಕೊಂಡ ಮೇಲೆ ಮತ್ತೆ ಅಂಗಡಿಯನ್ನು ಹುಡುಕುವುದು ಯಾಕೆ? ಇನ್ನೊಂದು ಬೇಕೆಂದು ಇರಬಹುದು. ಮುಚ್ಚಳ ಅಲ್ಲಾಡುತ್ತಿದೆ ಎಂದು ಕೇಳುವುದಕ್ಕೂ ಇರಬಹುದು. ಬಂದವರಿಗೆಲ್ಲ ನಾವು ಪುಟ ಇಲ್ಲ ಎಂದು ಹೇಳಿ ಕಳಿಸಿದ್ದೆವು. ಚೀಟಿಯಲ್ಲಿ ಫೋನ್ ನಂಬರೂ ಇರಲಿಲ್ಲ.

ಆ ಗುರುತಿನ ಹೆಸರಿನಲ್ಲೇ ಹೊಸ ಪುಟ ಮಾಡಿಬಿಡಬಹುದಿತ್ತು. ಆದರೆ ಒಂಬತ್ತರಲ್ಲಿ ಐದು ತರಹ ಹೊಡೆದಿದ್ದರು. ಹತ್ತನೆಯವರು ಆರನೆಯ ತರಹ ಹೊಡೆದರೆ? ಯಾರು ಏನೇ ಹೊಡೆದರೂ ಬಂದು ಬೀಳುವ ಪುಟ ಒಂದೇ. ಎಚ್ಚರಿಕೆಯನ್ನು ಎರರ್ ಪೇಜಿಗೇ ಹಾಕಬೇಕು.

ಇದನ್ನು ಹೇಳಿದಾಗ ಮಾವನ ಮುಖ ಸ್ವಲ್ಪ ತಿಳಿಯಾಯಿತು. ‘ಹಂಗಾದ್ರೆ ಅಲ್ಲಿಗೇ ಹಾಕು. ಹೋಂ ಪೇಜ್ ಮುಟ್ಬೇಡ.’

ಕಾರಣ ನನಗೆ ಗೊತ್ತಿತ್ತು. ಮೈಸೂರಿನಲ್ಲಿ ಮಕ್ಕಳ ಶಾಲೆಗಳನ್ನು ನಡೆಸುವ ಒಬ್ಬ ಮೇಡಂ ಗುರುವಾರ ನಮ್ಮ ವೆಬ್‌ಸೈಟ್ ನೋಡಿ ಆರ್ಡರ್ ಹೇಳುವುದೆಂದು ಆಗಿತ್ತು. ಬಣ್ಣದ ಬಳೆ ಜೋಡಿಸುವ ಗೋಪುರ, ಎಣಿಸುವ ಮಣಿಚೌಕಟ್ಟು, ಹೀಗೆ ವರ್ಷಕ್ಕಾಗುವಷ್ಟು ಕೆಲಸ. ನಿಂತಿದ್ದ ಎರಡು ಲೇತಿಗೆ ಮಾವ ಆಗಲೇ ಎಣ್ಣೆ ಬಿಟ್ಟಿದ್ದ.

ಬೂದು ಬಣ್ಣದ ಪುಟವನ್ನು ತೆಗೆದುಹಾಕಿ ಹೊಸದೊಂದನ್ನು ಮಾಡಿದೆ. ಕುದುರೆ, ರೈಲು ಯಾವುದೂ ಇಲ್ಲ. ಮೇಲೆ ದಪ್ಪ ಅಕ್ಷರದಲ್ಲಿ: ‘ನಿಮ್ಮ ಗಿಲಕಿಯ ಚೀಟಿಯಲ್ಲಿ ಈ ಗುರುತು ಇದ್ದರೆ ಅದನ್ನು ಈಗಲೇ ಮಗುವಿನ ಕೈಯಿಂದ ತೆಗೆದುಕೊಳ್ಳಿ.’ ಕೆಳಗೆ ಚಾಚಾನ ಕೈಬರಹದ ಜಿ ಹನ್ನೊಂದರ ಫೋಟೋ. ಮುಚ್ಚಳ ಬಿಟ್ಟುಕೊಳ್ಳುತ್ತದೆ, ಒಳಗೆ ಮಣಿಗಳಿವೆ, ನಾಲ್ಕಿವೆಯೇ ಎಣಿಸಿ ನೋಡಿ. ಗಿಲಕಿಯನ್ನು ನಮಗೆ ವಾಪಸು ಕಳಿಸಿ. ಆಮೇಲೆ ಮಾವನ ಫೋನ್ ನಂಬರ್. ಅದೇ ಮಾತು ಕೆಳಗೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಹೋಂ ಪೇಜಿಗೆ ಕಳಿಸುವ ಗುಂಡಿಯನ್ನು ಅಳಿಸಿದೆ. ಈ ಪುಟಕ್ಕೆ ಬಂದವರು ಇದನ್ನು ಬಿಟ್ಟು ಕುದುರೆ ನೋಡಲು ಹೋಗುವುದು ಬೇಡವಾಗಿತ್ತು. ಮೂರು ಚುಕ್ಕೆ ಒತ್ತಿ ಅದನ್ನು ಎರರ್ ಪೇಜ್ ಮಾಡಿ, ಪ್ರಕಟಿಸಿ, ಚೀಟಿ ನೋಡಿಕೊಂಡು ಐದೂ ತರಹ ಹೊಡೆದು ಪರೀಕ್ಷಿಸಿದೆ. ಐದು ಸಲವೂ ಬಂತು.

ಮಂಗಳವಾರ ಮಧ್ಯಾಹ್ನದೊಳಗೆ ಮೂರು ಕರೆ ಬಂದವು, ಮಂಡ್ಯದಿಂದ ಒಂದು, ಬೆಂಗಳೂರಿನಿಂದ ಎರಡು. ಮೂರು ಮನೆಯಲ್ಲೂ ಮಣಿ ನಾಲ್ಕೂ ಇದ್ದವು. ಪ್ರತಿ ಕರೆಯ ಕೊನೆಗೆ ಮಾವ ಗೋಡೆಗೆ ಒರಗಿ ನಿಲ್ಲುತ್ತಿದ್ದ.

ಬುಧವಾರ ಸಂಜೆ ಅಕ್ಕ ನನ್ನ ಫೋನಿನಲ್ಲಿ ವೆಬ್‌ಸೈಟ್ ನೋಡಿದಳು. ಅವಳು ಗುರುತು ಸೇರಿಸದೆ ಬರೀ ವಿಳಾಸ ಹೊಡೆದಿದ್ದಳು. ಹಳದಿ ರೈಲು ಬಂತು.

‘ಎಲ್ಲಮ್ಮಿ ಹಾಕಿದೀಯಾ?’

ಹೇಳಿದೆ.

‘ಹಂಗಾದ್ರೆ ತಪ್ಪು ಹೊಡ್ದೋರಿಗೆ ಮಾತ್ರ ಗೊತ್ತಾಯ್ತದೆ. ಸರಿಯಾಗ್ ಹೊಡ್ದೋರ ಮಕ್ಳು?’

ನಾನು ಮಾವನ ಕಡೆ ನೋಡಿದೆ. ಅವನು ಲೇತಿನ ಪಟ್ಟಿ ಬಿಗಿ ಮಾಡುತ್ತಿದ್ದ, ಅದು ಬಿಗಿಯಾಗಿಯೇ ಇತ್ತು.

‘ಜಾಸ್ತಿ ಜನ ಗುರುತು ಹಾಕೇ ಹೊಡೀತಾರೆ ಕಣಕ್ಕಾ’ ಎಂದೆ. ಹೇಳುತ್ತಿರುವಾಗಲೇ ಅದು ಉತ್ತರವಲ್ಲ ಎಂದು ನನಗೇ ಅನ್ನಿಸಿತು.

‘ಇವ್ಳಿಗೆ ಆಗಿದ್ದು ಮೈಸೂರೋರಿಗೆ ಗೊತ್ತಾಗ್ಬಾರ್ದು. ಅಷ್ಟೇ ತಾನೆ ಮಾವ?’ ಎಂದು ಅಕ್ಕ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಅವಳು ಮಾವನಿಗೆ ಊಟ ಬಡಿಸಲಿಲ್ಲ, ತಟ್ಟೆ ಮುಂದಿಟ್ಟು ಎದ್ದಳು.

ಗುರುವಾರ ಬೆಳಿಗ್ಗೆ ನಾನು ರಾಮನಗರದ ರೈಲಿಗೆ ಹೊರಡುವಾಗ ಮಾವ ಬಾಗಿಲಲ್ಲಿ ನಿಂತಿದ್ದ. ‘ಒಸಿ ತಡೀ ಅಮ್ಮಿ. ಆ ಪುಟನೇ ಹೋಂ ಪೇಜ್ ಮಾಡ್ಬುಡು.’

‘ಮೇಡಂ ನೋಡೋವರ್ಗೂ...’

‘ಈಗ್ಲೇ ಮಾಡು. ಅವ್ರು ನೋಡಿದ್ಮೇಲೆ ಹಾಕುದ್ರೆ, ನಾಳೆ ಅವ್ರ ಶಾಲೆ ಮಗಾ ಬಾಯಿಗಾಕ್ಕೊಂಡಾಗ ನಾನ್ ಏನಂತ ಹೇಳ್ಲಿ?’

ಕೂತೆ. ಒಂದೇ ಪುಟ ಹೋಂ ಪೇಜೂ ಎರರ್ ಪೇಜೂ ಆಗುವುದಕ್ಕೆ ಎಡಿಟರ್ ಒಪ್ಪಲಿಲ್ಲ. ಅದರ ನಕಲು ಮಾಡಿ, ನಕಲನ್ನು ಹೋಂ ಪೇಜ್ ಮಾಡಿದೆ. ಹಳದಿ ರೈಲಿನ ಪುಟ ಪಟ್ಟಿಯಲ್ಲಿ ಕೆಳಕ್ಕೆ ಇಳಿಯಿತು. ಚಾಚಾ ಹಿಂದೆ ನಿಂತು ನೋಡುತ್ತಿದ್ದರು. ‘ನಾಲ್ಕ್ ಭಾನುವಾರ ಕೂತ್ಕೊಂಡು ಮಾಡಿದ್ರಿ’ ಎಂದರು. ನನಗೆ ರೈಲು ತಪ್ಪಿತು, ಬಸ್ಸಿನಲ್ಲಿ ಹೋದೆ.

ಮೇಡಂ ಸಂಜೆ ಫೋನ್ ಮಾಡಿದರು. ಒರಟಾಗಿ ಮಾತಾಡಲಿಲ್ಲ. ನೀವು ಮುಚ್ಚಿಡದೆ ಹೇಳಿದ್ದು ಒಳ್ಳೆಯದೇ, ಆದರೆ ಪೋಷಕರಲ್ಲಿ ಒಬ್ಬರು ಇದೇ ಪುಟವನ್ನು ತಂದು ತೋರಿಸಿದರೆ ತಮ್ಮ ಹತ್ತಿರ ಉತ್ತರವಿಲ್ಲ, ಮುಂದಿನ ವರ್ಷ ನೋಡೋಣ ಎಂದರಂತೆ. ಮಾವ ಅದನ್ನು ನನಗೆ ಹೇಳಿ, ನಿಂತ ಲೇತುಗಳ ಮೇಲೆ ಮತ್ತೆ ಗೋಣಿ ಹೊದಿಸಿದ. ಅಕ್ಕ ಆ ಹೊತ್ತು ಕಾಫಿ ತಂದು ಅವನ ಪಕ್ಕ ಇಟ್ಟಳು. ಅವನು ಅದನ್ನು ಕುಡಿಯುವವರೆಗೂ ಅಲ್ಲೇ ನಿಂತಿದ್ದಳು.

ಭಾನುವಾರದ ಹೊತ್ತಿಗೆ ಡೈರಿಯಲ್ಲಿ ಕರೆಗೊಂದರಂತೆ ಹದಿನೆಂಟು ಗೀಟು ಬಿದ್ದಿದ್ದವು. ಹತ್ತೊಂಬತ್ತನೆಯ ಕರೆ ಸೋಲೂರಿನಿಂದ, ಒಬ್ಬ ಹೆಂಗಸು. ಮಾವನ ಫೋನನ್ನು ಆಗ ಎತ್ತಿದ್ದು ನಾನು. ‘ನಮ್ಮನೇಲಿ ಒಂದೈತೆ. ಬಂದು ತಗೊಂಡೋಗಿ, ನಂಗೆ ಕಳ್ಸಾಕ್ ಬರಾಕಿಲ್ಲ’ ಎಂದು ಮನೆಯ ದಾರಿ ಹೇಳಿ ಇಟ್ಟುಬಿಟ್ಟರು. ಮಾವ ಕಪಾಟಿನಿಂದ ಒಂದು ಕೆಂಪು ಕುದುರೆ ತೆಗೆದು ಅಂಗಿಯೊಳಗಿಟ್ಟುಕೊಂಡ. ನಾನು ಬೈಕಿನ ಹಿಂದೆ ಕೂತೆ. ರಾಮನಗರ ದಾಟಿ, ಮಾಗಡಿಯಲ್ಲಿ ಟೀ ಕುಡಿದು ಸೋಲೂರಿಗೆ ಹೋದೆವು. ದಾರಿಯುದ್ದಕ್ಕೂ ಮಾವ ಕೇಳಿದ್ದು ಒಂದೇ, ‘ಮಗೂಗೆ ಏನೂ ಆಗಿಲ್ಲ ಅಂತ ಹೇಳಿದ್ರಾ?’ ನನಗೂ ಅದು ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ, ನಾನು ಕೇಳುವ ಮೊದಲೇ ಇಟ್ಟಿದ್ದರು.

ತೆಂಗಿನ ಮರಗಳ ಮಧ್ಯದ ಮನೆ, ಮುಂದೆ ಎರಡು ಹಸು ಕಟ್ಟಿದ್ದವು. ಬಾಗಿಲಿಗೆ ಬಂದ ಹೆಂಗಸಿನ ಸೊಂಟದ ಮೇಲೆ ಮಗು ಇತ್ತು. ಅದನ್ನು ನೋಡಿ ಮಾವ ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟ.

ಆಕೆ ಒಳಗಿನಿಂದ ಗಿಲಕಿ ತಂದರು. ಅದರ ತಲೆಗೆ ಹಳೆಯ ಸೀರೆಯ ಚೂರು ಸುತ್ತಿ, ಹುರಿಯಿಂದ ಬಿಗಿದು ಕಟ್ಟಿದ್ದರು.

‘ಮುಚ್ಚಳ ಆಡ್ತಿತ್ತು. ಕೇಳಣ ಅಂತ ಆವತ್ತೇ ಫೋನಲ್ಲಿ ಹೊಡುದ್ವಿ. ಏನೋ ಇಂಗ್ಲೀಷಲ್ಲಿ ಬಂತು. ಇನ್ನೊಂದ್ಸಲ ಹೊಡುದ್ವಿ, ಅದೇ ಬಂತು. ಅಂಗ್ಡಿ ಮುಚ್ಕೊಂಡು ಓಡೋಗವ್ರೆ ಅಂದ್ರು ನಮ್ಮನೇರು. ಕಟ್ಬುಟ್ಟು ಅಟ್ಟದ ಮೇಲೆ ಎಸ್ದೆ.’

ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಬಂದವರು ಇವರೇ ಇರಬೇಕು. ನಾನು ಕೇಳಿದೆ, ‘ಮತ್ತೆ ಈಗ ಯಾಕೆ ನೋಡಿದ್ರಿ?’

‘ನನ್ ತಂಗಿ ಬಂದಿದ್ಳು ಮಗಾ ಎತ್ಕೊಂಡು. ಅಟ್ಟ ಗುಡ್ಸುವಾಗ ಇದು ಸಿಕ್ತು. ಚೆನ್ನಾಗಿ ಕಟ್ಟೈತಲ್ಲ, ಕೊಟ್ಬುಡು ಅಂದ್ಳು. ಕೊಡಾಕ್ ಮುಂಚೆ ಒಂದ್ಸಲ ನೋಡಣ ಅಂತ ಹೊಡ್ದೆ.’

ಮಾವ ಹುರಿ ಬಿಚ್ಚಿದ. ಬಟ್ಟೆ ಸರಿದ ಕೂಡಲೇ ಮುಚ್ಚಳ ಅವನ ಅಂಗೈಗೆ ಬಿತ್ತು. ಮಣಿಗಳನ್ನು ಜಗಲಿಯ ಕಲ್ಲಿನ ಮೇಲೆ ಒಂದೊಂದಾಗಿ ಇಟ್ಟ. ನಾಲ್ಕು.

ಕ್ಷಮೆ ಕೇಳಲು ಅವನಿಗೆ ಬರಲಿಲ್ಲ. ಅಂಗಿಯೊಳಗಿಂದ ಕುದುರೆ ತೆಗೆದು, ‘ಇದ್ರಲ್ಲಿ ಮುಚ್ಚಳ ಇಲ್ಲ ಕಣಮ್ಮ, ಒಂದೇ ಮರ’ ಎಂದು ಚಾಚಿದ. ಮಗು ಕೈ ನೀಡಿತು. ಆಕೆ ಮಗುವಿಗೆ ಸಿಗದ ಹಾಗೆ ಕುದುರೆಯನ್ನು ಈಸಿಕೊಂಡರು. ಕಿವಿ ತಿರುವಿದರು, ಬಾಲ ಎಳೆದರು, ಕಾಲುಗಳನ್ನು ಒಂದೊಂದಾಗಿ ಜಗ್ಗಿದರು, ಉಗುರಿನಿಂದ ಬಣ್ಣ ಕೆರೆದು ನೋಡಿದರು. ಮಾವ ಕೈಕಟ್ಟಿ ನೋಡುತ್ತಿದ್ದ, ಪರೀಕ್ಷೆಗೆ ಕೂತವನ ಹಾಗೆ. ಕೊನೆಗೆ ಆಕೆ ಅದನ್ನು ಟಿವಿ ಮೇಲಿನ ಹಲಗೆಯಲ್ಲಿ ಇಟ್ಟರು. ‘ಒಸಿ ದಿನ ಅಲ್ಲೇ ಇರ್ಲಿ. ಆಮೇಲೆ ನೋಡಣ.’ ಮಗು ಅಳತೊಡಗಿತು. ಮಾವ ತಲೆಯಾಡಿಸಿ ಎದ್ದ. ಕುಡಿಯಲು ನೀರು ಕೊಟ್ಟರು, ಟೀ ಬೇಕೇ ಎಂದು ಕೇಳಲಿಲ್ಲ.

ವಾಪಸು ಬರುವಾಗ ಮಾಗಡಿಯ ಹತ್ತಿರ ಮಾವ ಬೈಕ್ ನಿಲ್ಲಿಸಿದ. ‘ಇಂಗ್ಲೀಷಲ್ಲಿ ಏನಂತ ಬತ್ತಿತ್ತು ಅದು, ಮೊದ್ಲು?’

‘ನೀವು ಹುಡುಕಿದ ಪುಟ ಸಿಗಲಿಲ್ಲ ಅಂತ.’

‘ಬುಡು ಅಂದಿದ್ದು ನಾನೇ ಅಲ್ವಾ?’

ಹೌದೆನ್ನಲು ನನಗೆ ಮನಸ್ಸಾಗಲಿಲ್ಲ. ಬಿಟ್ಟವಳು ನಾನೂ ಹೌದು.

ಈಗ ಚೀಟಿಯಲ್ಲಿ ಫೋನ್ ನಂಬರ್ ಇದೆ. ಚಾಚಾ ಗುರುತನ್ನು ಹಿಂದುಗಡೆ ಬರೆಯುತ್ತಾರೆ, ಮಾವ ಬೆಲೆಯನ್ನು ಸಣ್ಣದಾಗಿ ಬರೆಯಲು ಕಲಿತಿದ್ದಾನೆ. ಮೊದಲ ಆಟಿಕೆ ಮಗುವಿನ ಕೈಯಲ್ಲಿ ಎಂಟು ದಿನ ಕಳೆಯದೆ ಯಾವುದೂ ಹೊರಗೆ ಹೋಗುವುದಿಲ್ಲ. ಬೀದಿಯಲ್ಲಿ ಮಗು ಇಲ್ಲದಿದ್ದರೆ ಆಟಿಕೆಯೇ ಬಸ್ಸಿನಲ್ಲಿ ಕೋಡಿಹಳ್ಳಿಗೆ, ಅಕ್ಕನ ಮನೆಗೆ ಹೋಗುತ್ತದೆ. ಹೋಂ ಪೇಜಿನಲ್ಲಿ ಇನ್ನೂ ಅದೇ ಎಚ್ಚರಿಕೆ. ರೈಲಿನ ಪುಟವನ್ನು ವಾಪಸು ತರಲೇ ಎಂದು ತಿಂಗಳಿಗೊಮ್ಮೆ ಕೇಳುತ್ತೇನೆ. ‘ಎಷ್ಟು ಬಂದ್ವು?’ ಎನ್ನುತ್ತಾನೆ. ಇಪ್ಪತ್ತಾರು ಬಂದಿವೆ. ಹದಿನೈದು ಎಲ್ಲಿವೆಯೋ.

ಇವತ್ತು ಬೆಳಿಗ್ಗೆ ಎಣಿಕೆಯ ಪುಟ ತೆರೆದಾಗ ಎರರ್ ಪೇಜಿಗೆ ಒಬ್ಬರು ಬಂದು ಹೋಗಿದ್ದರು. ಜಿ ಹನ್ನೊಂದು. ನಿಂತದ್ದು ಅರ್ಧ ನಿಮಿಷವೂ ಇಲ್ಲ. ಫೋನ್ ಬರಲಿಲ್ಲ. ಮಾವನಿಗೆ ತೋರಿಸಿದೆ. ಅವನು ಲೇತ್ ನಿಲ್ಲಿಸಿ, ಕೈಯ ಪುಡಿ ಒರೆಸಿಕೊಂಡು ಬಂದು ಪರದೆಯ ಮೇಲಿನ ಆ ಒಂದು ಸಾಲನ್ನು ಬಹಳ ಹೊತ್ತು ನೋಡಿದ.

‘ಓದಿರ್ತಾರೆ ಬುಡು’ ಎಂದು ಲೇತಿನ ಕಡೆ ಹೋದ. ಅರ್ಧ ದಾರಿಯಿಂದ ತಿರುಗಿ ಬಂದ. ‘ಅಷ್ಟೊತ್ನಲ್ಲಿ ಓದ್ಬೋದು ಅಲ್ವೇನಮ್ಮಿ? ಮೇಲಿನ ಸಾಲಾದ್ರೂ?’

ನಾನು ಫೋನಿನ ಗಡಿಯಾರ ಇಟ್ಟುಕೊಂಡು ಮೇಲಿನ ಸಾಲನ್ನು ಅವನಿಗೆ ಕೇಳುವ ಹಾಗೆ ಓದಿದೆ. ಆರು ಸೆಕೆಂಡ್ ಆಯಿತು. ಅವನು ಇನ್ನೊಮ್ಮೆ ಓದಲು ಹೇಳಿದ, ನಿಧಾನಕ್ಕೆ.